ಅಂಬಾಸಡರ್ ಎಂಜಿನ್ ಎರಡನೇ ಸಲ ಕಟ್ಟಿದ್ದು: ಎಲ್ಲಿಗೆ ಎಣ್ಣೆ, ಎಲ್ಲಿಗೆ ಪೇಸ್ಟ್, ಎಲ್ಲಿಗೆ ಎಂತದೂ ಬೇಡ

ಮೊದಲನೇ ಸಲ ಕಟ್ಟಿದಾಗ ಹಾಕಿದ್ದ ಎಂಟು ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತಿಕೊಡೋ ಸಣ್ಣ ಲೋಹದ ತುಂಡು) ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಕೊಂಡು ಇದನ್ನ ಬರೀತಾ ಇದ್ದೇನೆ. ಏಳರ ಮುಖ ಪರವಾಗಿಲ್ಲ, ಆರನೇದು ಮಾತ್ರ ನಡುವೆ ಗುಳಿ ಬಿದ್ದು ಸಣ್ಣ ಬಟ್ಟಲಿನ ಹಾಗಾಗಿದೆ, ಅದರ ಕೆಳಗೆ ಓಡ್ತಿದ್ದ ಕ್ಯಾಮ್ ಲೋಬ್‌ನ, ಅಂದ್ರೆ ತಿರುಗೋ ಕ್ಯಾಮ್ ದಂಡದ ಮೇಲಿನ ಉಬ್ಬಿನ, ಮೂಗು ಸವೆದು ಪಕ್ಕದ ಲೋಬಿಗಿಂತ ಕಣ್ಣಿಗೇ ಕಾಣೋ ಅಷ್ಟು ಗಿಡ್ಡ. ಎಂಜಿನ್ ಹೊಸದಾಗಿ ಕಟ್ಟಿ 800 ಕಿಲೋಮೀಟರ್ ಸಹ ಆಗಿರ್ಲಿಲ್ಲ. ಹೊಸ ಕ್ಯಾಮ್, ಹೊಸ ಟ್ಯಾಪೆಟ್, ಹೊಸ ಬೇರಿಂಗ್ ಶೆಲ್ (ಕ್ರ್ಯಾಂಕ್ ಕೂರೋ ತೆಳು ಲೋಹದ ಅರ್ಧ ಬಳೆ), ಎಲ್ಲಾ ಹೊಸದು ಹಾಕಿದ್ದೆ, ಹಚ್ಚಿದ ಎಣ್ಣೆ ಒಂದು ತಪ್ಪಿತ್ತು ಅಷ್ಟೇ.

ಗಾಡಿ ಅಪ್ಪಯ್ಯಂದು, 1984ರ ಅಂಬಾಸಡರ್ ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಬ್ರಿಟನ್ನಿನ ಬಿಎಂಸಿ ಕಂಪನಿಯ ಹಳೇ ಬಿ-ಸೀರೀಸ್ ಎಂಜಿನ್, ಕ್ಯಾಮ್ ಬ್ಲಾಕಿನೊಳಗೆ, ಅಲ್ಲಿಂದ ಟ್ಯಾಪೆಟ್, ಪುಶ್ ರಾಡ್, ರಾಕರ್, ಕೊನೆಗೆ ವಾಲ್ವ್. ರೋಲರ್ ಗೀಲರ್ ಎಂತದೂ ಇಲ್ಲ, ಚಪ್ಪಟೆ ಟ್ಯಾಪೆಟ್ ನೇರ ಲೋಬ್ ಮೇಲೆ ಉಜ್ಜಿಕೊಂಡು ಓಡ್ತದೆ. ಈಗಿನ ಕಾರು ನೋಡಿದವರಿಗೆ ಈ ಮಾತು ಸಣ್ಣದು ಅನ್ನಿಸಬಹುದು, ಆದ್ರೆ ಇಡೀ ಕಥೆ ಇಲ್ಲೇ ಇರೋದು.

ಮೊದಲನೇ ಸಲ ಆಗಿದ್ದು ಹೀಗೆ. ಮೇ ತಿಂಗಳಲ್ಲಿ ಎಂಜಿನ್ ಕಟ್ಟಿ ಮುಗಿಸಿದೆ, ಎಲ್ಲಾ ಕಡೆ ಎಂಜಿನ್ ಆಯಿಲ್ಲೇ ಹಚ್ಚಿದ್ದೆ, ಕ್ರ್ಯಾಂಕಿಗೂ (ಪಿಸ್ಟನ್ ತಿರುಗಿಸೋ ದಂಡ) ಅದೇ, ಕ್ಯಾಮ್‌ಗೂ ಅದೇ, ಬೋರಿಗೂ (ಪಿಸ್ಟನ್ ಓಡೋ ಸಿಲಿಂಡರ್) ಅದೇ. ಬಾಡಿ ಕೆಲಸ ಮುಗೀಲಿಲ್ಲ, ಅಷ್ಟರಲ್ಲಿ ಮಳೆಗಾಲ ಹಿಡೀತು, ಶಿರಸಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಶುರುವಾದ್ರೆ ಕೊಟ್ಟಿಗೆಯಲ್ಲಿ ಇಟ್ಟ ಚಪ್ಪಲಿಗೂ ಬೂಷ್ಟು ಬರ್ತದೆ. ಎಂಜಿನ್ ಹಾಗೇ ಕೂತಿತ್ತು. ಅಪ್ಪಯ್ಯ ಪ್ರತಿ ಭಾನುವಾರ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸ್ತಿದ್ರು, "ತಮಾ, ವಾರಕ್ಕೆ ಒಂದ್ ಸಲ ತಿರುಗಿಸ್ದೇ ಇದ್ರೆ ಹಿಡ್ಕತ್ತು" ಅಂತ. ನಾನೂ ಹೌದು ಅಂದ್ಕೊಂಡಿದ್ದೆ. ಚವತಿ ಮುಗಿಸಿ ಸ್ಟಾರ್ಟ್ ಮಾಡಿದ್ವಿ, ದುಬಾರಿ ಆಯಿಲ್ ಒಳ್ಳೇದು ಅಂತ 5ಡಬ್ಲ್ಯೂ-30 ಅನ್ನೋ ತೆಳು ಸಿಂಥೆಟಿಕ್ ಹಾಕಿದ್ದೆ, ಸ್ಟಾರ್ಟ್ ಆದ ಮೇಲೆ ಕಾರ್ಬ್ಯುರೇಟರ್ ಟ್ಯೂನ್ ಮಾಡ್ತಾ ಕಾಲು ಗಂಟೆ ಸ್ಲೋ ಸ್ಪೀಡಲ್ಲೇ ಓಡಿಸಿದೆ. 600 ಕಿಮೀಗೆ ಟಿಕ್ ಟಿಕ್ ಅಂತ ಸದ್ದು ಬಂತು. ಟ್ಯಾಪೆಟ್ ಗ್ಯಾಪ್ ಸರಿ ಮಾಡಿದೆ, ನಿಂತಿತು, 100 ಕಿಮೀ ಆದ ಮೇಲೆ ಮತ್ತೆ ಬಂತು, ಮತ್ತೆ ಸರಿ ಮಾಡಿದೆ, ಮತ್ತೆ ಬಂತು. ಒಂದೇ ವಾಲ್ವಿನ ಗ್ಯಾಪ್ ಪದೇ ಪದೇ ದೊಡ್ಡದಾಗ್ತಾ ಹೋದ್ರೆ ಕ್ಯಾಮ್, ಟ್ಯಾಪೆಟ್ ಕರಗ್ತಾ ಇರಬಹುದು ಅಂತ ಅರ್ಥ, ಆವತ್ತು ನನಗೆ ಗೊತ್ತಿರ್ಲಿಲ್ಲ. ಸಂಪ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಬಿಚ್ಚಿದಾಗ ತಳದಲ್ಲಿ ಕಪ್ಪು ಕೆಸರು, ಅಯಸ್ಕಾಂತ ಇಟ್ರೆ ಗಡ್ಡದ ಹಾಗೆ ಕಬ್ಬಿಣದ ಪುಡಿ, ಆ ಪುಡಿ ಎಣ್ಣೆ ಜೊತೆ ಸುತ್ತಿ ಹೊಸ ಶೆಲ್ಲುಗಳಲ್ಲೂ ಗೆರೆ ಹಾಕಿತ್ತು.

ಕುಮಟಾದಲ್ಲಿ ಅಂಬಾಸಡರ್ ಟ್ಯಾಕ್ಸಿ ಕಾಲದಿಂದ ಕೆಲಸ ಮಾಡಿದ ಹಿರಿಯ ಮೇಸ್ತ್ರಿ ಒಬ್ರಿದ್ದಾರೆ. ಟ್ಯಾಪೆಟ್ ತಗೊಂಡು ಹೋಗಿ ಅವರ ಕೈಗೆ ಕೊಟ್ಟೆ. ಒಂದು ನಿಮಿಷ ಬೆಳಕಿಗೆ ಹಿಡಿದು ನೋಡಿದ್ರು. "ಭಟ್ರೇ, ಇದು ಓಡಿ ಹಾಳಾದದ್ದಲ್ಲ, ಮೊದಲನೇ ದಿನವೇ ಹಾಳಾದದ್ದು, ಆಮೇಲೆ ಓಡಿದ್ದು ಅಷ್ಟೇ" ಅಂದ್ರು.

ಅವರು ಹೇಳಿದ್ದನ್ನ, ಆಮೇಲೆ ನಾನು ಓದಿ ತಿಳ್ಕೊಂಡಿದ್ದನ್ನ ಸೇರಿಸಿ ಹೇಳ್ತೇನೆ. ಎಂಜಿನ್ನಿನ ಒಳಗೆ ಉಜ್ಜೋ ಜಾಗ ಎಲ್ಲಾ ಒಂದೇ ಜಾತಿ ಅಲ್ಲ. ಕ್ರ್ಯಾಂಕ್ ಬೇರಿಂಗ್ ಇದೆಯಲ್ಲ, ಅಲ್ಲಿ ಜರ್ನಲ್ (ಬೇರಿಂಗಿನೊಳಗೆ ಕೂರೋ ಕ್ರ್ಯಾಂಕಿನ ದುಂಡು ಭಾಗ) ತಿರುಗ್ತಾ ತಾನೇ ಎಣ್ಣೆಯನ್ನ ಸಂದಿಗೆ ಎಳ್ಕೊಂಡು ಅದರ ಮೇಲೆ ತೇಲ್ತದೆ, ಲೋಹಕ್ಕೆ ಲೋಹ ತಾಗೋದು ಸ್ಟಾರ್ಟ್ ಆಗೋ ಮೊದಲ ಕೆಲವು ಸುತ್ತು ಮಾತ್ರ. ಹಾಗಾಗಿ ಅಲ್ಲಿಗೆ ಬೇಕಾದ್ದು ಪಂಪ್ ಎಣ್ಣೆ ತಂದು ಕೊಡೋವರೆಗೆ ಜಾಗ ಬಿಟ್ಟು ಹೋಗದೇ ಇರೋ ಎಣ್ಣೆ. ಕ್ಯಾಮ್ ಲೋಬ್ ಮತ್ತೆ ಟ್ಯಾಪೆಟ್ ನಡುವೆ ಕಥೆ ಬೇರೆ, ಅಲ್ಲಿ ಸ್ಪ್ರಿಂಗಿನ ಪೂರ್ತಿ ಒತ್ತಡ ಒಂದು ತೆಳು ಗೆರೆಯ ಮೇಲೆ ಬೀಳ್ತದೆ, ಬರೀ ಎಣ್ಣೆ ಆ ಗೆರೆಯಲ್ಲಿ ನಿಲ್ಲೋದಿಲ್ಲ, ಹಿಂಡಿ ಹೊರಗೆ ಹೋಗ್ತದೆ. ಅಲ್ಲಿಗೆ ಘನ ಪದಾರ್ಥ ಬೇಕು, ಅದೇ ಮಾಲಿಬ್ಡಿನಮ್ ಡೈಸಲ್ಫೈಡ್, ಮೋಲಿ ಅಂತ ಕರೀತಾರೆ. ಊಟದ ಮನೆಯಲ್ಲಿ ಬಾಳೆಲೆ ಒಂದರ ಮೇಲೊಂದು ಪೇರಿಸಿಟ್ಟಿರ್ತಾರಲ್ಲ, ಮೇಲಿಂದ ಎಷ್ಟು ಒತ್ತಿದ್ರೂ ಎಲೆ ಹರಿಯೋದಿಲ್ಲ, ಪಕ್ಕಕ್ಕೆ ಸ್ವಲ್ಪ ತಳ್ಳಿದ್ರೆ ಸುಯ್ ಅಂತ ಜಾರ್ತದೆ, ಮೋಲಿಯ ಪದರಗಳೂ ಹಾಗೇ. ಮೂರನೇದು ಪಿಸ್ಟನ್ ರಿಂಗ್ ಮತ್ತೆ ಬೋರ್, ಇಲ್ಲಿ ಸವೆತ ಸ್ವಲ್ಪ ಆಗ್ಲೇಬೇಕು, ಹೋನಿಂಗ್ ಗೀರುಗಳ (ಬೋರಿನ ಒಳಮೈಗೆ ಕಲ್ಲಲ್ಲಿ ಉಜ್ಜಿ ಹಾಕೋ ಸಣ್ಣ ಗೀರು) ತುದಿ ಸವೆದು ರಿಂಗ್ ಕೂತ್ರೇ ಕಂಪ್ರೆಷನ್ ಸಿಗೋದು. ಅಂದ್ರೆ ಕ್ಯಾಮ್‌ಗೆ ಯಾವುದು ಅಮೃತವೋ ಬೋರಿಗೆ ಅದೇ ವಿಷ. ಒಂದೇ ಡಬ್ಬಿಯಿಂದ ಎಲ್ಲಾ ಕಡೆ ಹಚ್ಚಿದ್ದು ನನ್ನ ಮೊದಲ ತಪ್ಪು.

ಎರಡನೇ ತಪ್ಪು ಹ್ಯಾಂಡಲ್. ಕಟ್ಟಿಟ್ಟ ಎಂಜಿನ್ ತಿರುಗಿಸಿದಷ್ಟೂ ಲೋಬ್ ಮೇಲಿನ ಎಣ್ಣೆ ಒರೆಸಿ ಹೋಗ್ತದೆ, ಪಂಪ್ ಅಷ್ಟು ನಿಧಾನಕ್ಕೆ ಹೊಸ ಎಣ್ಣೆ ಮೇಲೆ ತರೋದಿಲ್ಲ. ಹದಿನೈದು ಭಾನುವಾರ ನಾಲ್ಕು ನಾಲ್ಕು ಸುತ್ತು ಅಂದ್ರೆ ಚವತಿ ಹೊತ್ತಿಗೆ ಲೋಬ್ ಮೇಲೆ ಎಂತ ಉಳಿದಿರ್ತದೆ. ಇದನ್ನ ಅಪ್ಪಯ್ಯನ ಹತ್ರ ಹೇಳಿದಾಗ ಅವರು ತುಂಬ ಹೊತ್ತು ಸುಮ್ನೆ ಕೂತಿದ್ರು. "ಹಂಗಾರೆ ಈ ಸಲ ಹ್ಯಾಂಡಲ್ ಮುಟ್ಟದು ಬ್ಯಾಡ ಹೇಳ್ತ್ಯ?" ಅಂತ ಕೇಳಿದ್ರು, ಬೇಡ ಅಂದೆ.

ಈ ಸಲದ ಕೆಲಸಕ್ಕೆ ಬರ್ತೇನೆ. ಬ್ಲಾಕ್ ಹುಬ್ಬಳ್ಳಿಯಿಂದ ಬೋರಿಂಗ್ ಆಗಿ ಬಂತು, ಪಿಸ್ಟನ್ 40 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ) ಓವರ್‌ಸೈಜ್, ಕ್ರ್ಯಾಂಕ್ 20 ಥೌ ಗ್ರೈಂಡ್. ಮೊದಲು ತೊಳೆಯೋದು. ಹೋನಿಂಗ್ ಆದ ಬೋರನ್ನ ಬರೀ ಸೀಮೆಎಣ್ಣೆ ಅಥವಾ ಪೆಟ್ರೋಲಲ್ಲಿ ಒರೆಸಿದ್ರೆ ಸಾಲೋದಿಲ್ಲ, ಕಲ್ಲಿನ ಪುಡಿ ಗೀರುಗಳ ಒಳಗೇ ಉಳೀತದೆ. ಬಿಸಿನೀರು, ಸೋಪಿನ ಪುಡಿ, ಬ್ರಷ್. ನಮ್ಮ ಬಚ್ಚಲ ಹಂಡೆ ಅಡಿಕೆ ಸಿಪ್ಪೆ ಉರಿಯಲ್ಲಿ ಸದಾ ಕುದೀತಾ ಇರ್ತದೆ, ನಾಲ್ಕು ಕೊಡ ನೀರು ಹೊಯ್ದು ತಿಕ್ಕಿದೆ. ಆಮೇಲೆ ಬಿಳೀ ಪಂಚೆ ಚೂರಿಗೆ ಎಣ್ಣೆ ಅದ್ದಿ ಬೋರ್ ಒರೆಸಿ ನೋಡೋದು, ಬೂದು ಬಣ್ಣ ಬಂದ್ರೆ ಮತ್ತೆ ತೊಳೆಯೋದು. ನನಗೆ ಮೂರು ಸಲ ಬೇಕಾಯ್ತು. ಒಂದು ಎಚ್ಚರಿಕೆ ಹೇಳ್ಬೇಕು, ತೊಳೆದ ಬೀಡು ಕಬ್ಬಿಣ ನಮ್ಮ ಹವೆಯಲ್ಲಿ ಕಾಯೋದಿಲ್ಲ. ಎರಡನೇ ಸಲ ತೊಳೆದು ಊಟಕ್ಕೆ ಹೋಗಿ ಬರೋದ್ರೊಳಗೆ ಬೋರ್ ಮೇಲೆ ಕೇಸರಿ ಛಾಯೆ ಕೂತಿತ್ತು. ಒರೆಸಿದ ಬಟ್ಟೆ ಕೆಳಗಿಡೋ ಮೊದಲು ಎಣ್ಣೆ ಹಚ್ಚಿ ಆಗಿರ್ಬೇಕು. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಉಪ್ಪುಗಾಳಿ ಬೇರೆ, ಅವರು ಬ್ಲಾಕನ್ನ ಎಣ್ಣೆ ಹಚ್ಚಿ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಡದೇ ಇದ್ರೆ ಒಂದು ರಾತ್ರಿ ಸಾಕು.

ಕ್ರ್ಯಾಂಕ್ ಕೂರಿಸೋದು. ಶೆಲ್ಲಿನ ಬೆನ್ನು ಮತ್ತೆ ಅದು ಕೂರೋ ಜಾಗ ಎರಡೂ ಪೂರ್ತಿ ಒಣಗಿರ್ಬೇಕು, ಅಲ್ಲಿ ಎಣ್ಣೆ ಹಚ್ಚಬೇಡಿ, ಶೆಲ್ಲಿನ ಬಿಸಿ ಬ್ಲಾಕಿಗೆ ದಾಟಬೇಕಂದ್ರೆ ಲೋಹ ಲೋಹಕ್ಕೆ ಗಟ್ಟಿಯಾಗಿ ಕೂರ್ಬೇಕು. ಮೊದಲು ಎಲ್ಲಾ ಒಣಗಿಸಿ ಪ್ಲಾಸ್ಟಿಗೇಜ್ ಎಳೆ (ಒತ್ತಿ ಎಷ್ಟು ಅಗಲ ಆಯ್ತು ಅಂತ ನೋಡಿ ಸಂದಿ ಅಳೆಯೋ ಮೆತ್ತನೆ ಪ್ಲಾಸ್ಟಿಕ್ ದಾರ) ಇಟ್ಟು ಕ್ಯಾಪ್ ಬಿಗಿದು ಅಳೆದೆ, ಆವಾಗ ಕ್ರ್ಯಾಂಕ್ ತಿರುಗಿಸೋ ಹಾಗಿಲ್ಲ. ಮೇನ್ ಜರ್ನಲ್ ಎರಡು ಇಂಚಿನ ಹತ್ರ ಇದೆ, ಇಂಚಿಗೆ ಒಂದು ಥೌ ಅನ್ನೋ ಹಳೇ ಲೆಕ್ಕದಲ್ಲಿ ಎರಡು ಥೌ ಬೇಕು, ನಡುವಿನದ್ದರಲ್ಲಿ ಸರೀ ಎರಡು ಬಂತು, ಅಕ್ಕಪಕ್ಕದಲ್ಲಿ ಸ್ವಲ್ಪ ಕಮ್ಮಿ. ಆಮೇಲೆ ಒಳಮುಖಕ್ಕೆ ಅಸೆಂಬ್ಲಿ ಲ್ಯೂಬ್ ಹಚ್ಚಿದೆ, ಜೇನಿನ ಹಾಗೆ ಅಂಟು ಅಂಟು ಇರ್ತದೆ, ಇಳಿದು ಹೋಗೋದಿಲ್ಲ, ಆಯಿಲ್ ಬಂದಾಗ ಅದರಲ್ಲೇ ಕರಗ್ತದೆ. ಇವತ್ತು ಕಟ್ಟಿ ನಾಳೆ ಸ್ಟಾರ್ಟ್ ಮಾಡೋರಿಗೆ ಬೇರಿಂಗ್‌ಗೆ ಮಾಮೂಲಿ ಎಂಜಿನ್ ಆಯಿಲ್ ಸಾಕು, ನಿಜವಾಗಿ ಸಾಕು. ನನ್ನದು ಮತ್ತೆ ಮಳೆಗಾಲ ದಾಟೋ ಎಂಜಿನ್, ಅದಕ್ಕೇ ಲ್ಯೂಬ್. ಶಿರಸಿಯಲ್ಲಿ ಸಿಗ್ಲಿಲ್ಲ, ಆನ್‌ಲೈನಲ್ಲಿ ತರಿಸಿದೆ.

ಮೋಲಿ ಪೇಸ್ಟ್ ಹುಡುಕುವಾಗ ಒಂದು ಗೊಂದಲ ಆಯ್ತು. ಅಂಗಡಿಯಲ್ಲಿ ಮೋಲಿ ಕೇಳಿದ್ರೆ ಕಪ್ಪು ಗ್ರೀಸ್ ಕೊಟ್ರು, ಡ್ರೈವ್ ಶಾಫ್ಟ್ ಜಾಯಿಂಟಿಗೆ ತುಂಬೋದು. ಅದು ಮೋಲಿ ಹೌದು, ಆದ್ರೆ ಸೋಪ್ ಗ್ರೀಸ್ ಒಳಗೆ ಸ್ವಲ್ಪವೇ ಸ್ವಲ್ಪ ಮೋಲಿ. ಆ ಲಿಥಿಯಂ ಗ್ರೀಸ್ ಎಂಜಿನ್ ಆಯಿಲಲ್ಲಿ ಸರಿಯಾಗಿ ಕರಗೋದಿಲ್ಲ, ಮುದ್ದೆಯಾಗಿ ಹೋಗಿ ಪಂಪಿನ ಜಾಲರಿಯಲ್ಲೋ ಆಯಿಲ್ ದಾರಿಯಲ್ಲೋ ಕೂರ್ತದೆ. ಚಾಸಿಸ್ ಗ್ರೀಸ್, ವೀಲ್ ಬೇರಿಂಗ್ ಗ್ರೀಸ್ ಯಾವುದೂ ಎಂಜಿನ್ ಒಳಗೆ ಬೇಡ. ಬೇಕಾದ್ದು ಪೇಸ್ಟ್, ಮೋಲಿ ಪುಡಿಯೇ ಜಾಸ್ತಿ ಇರೋದು. ನಾನು ತಂದದ್ದು ಮೊಲಿಕೋಟ್ ಜಿ-ಎನ್, ಸಣ್ಣ ಟ್ಯೂಬ್, ಬೆಲೆ ಜಾಸ್ತಿ ಅನ್ನಿಸ್ತು, ಆದ್ರೆ ಎಂಟು ಲೋಬಿಗೆ ಅರ್ಧ ಟ್ಯೂಬೂ ಬೇಡ, ಮೊದಲನೇ ಸಲ ಹಾಳಾದ ಕ್ಯಾಮಿನ ಬೆಲೆ ನೆನಪಿಸಿಕೊಂಡ್ರೆ ಏನೂ ಅಲ್ಲ. ಲೋಬ್ ಸುತ್ತ, ಟ್ಯಾಪೆಟ್ ಮುಖಕ್ಕೆ, ಪುಶ್ ರಾಡಿನ ಎರಡೂ ತುದಿಗೆ ಬೆರಳಲ್ಲಿ ತಿಕ್ಕಿ ಹಚ್ಚಿದೆ, ದಪ್ಪ ಮೆತ್ತೋದಲ್ಲ, ಲೋಹದ ರಂಧ್ರಕ್ಕೆ ಇಳಿಯೋ ಹಾಗೆ ತಿಕ್ಕೋದು. ಟ್ಯಾಪೆಟ್ಟಿನ ಪಕ್ಕದ ಮೈಗೆ ಮಾತ್ರ ಪೇಸ್ಟ್ ಹಚ್ಚಲಿಲ್ಲ, ಅಲ್ಲಿಗೆ ತೆಳು ಎಣ್ಣೆ. ಟ್ಯಾಪೆಟ್ ತನ್ನ ತೂತಲ್ಲಿ ಸುತ್ತುತಾ ಇರ್ಬೇಕು, ಸುತ್ತಿದ್ರೆ ಸವೆತ ಹಂಚಿಹೋಗ್ತದೆ, ಸುತ್ತೋದು ನಿಂತ್ರೆ ಒಂದೇ ಗೆರೆ ಮೇಲೆ ಉಜ್ಜಿ ನನ್ನ ಆರನೇದರ ಹಾಗೆ ಆಗ್ತದೆ. ಕ್ಯಾಮ್ ಬುಷ್‌ಗೆ, ರಾಕರ್ ಶಾಫ್ಟಿಗೆ ಅಸೆಂಬ್ಲಿ ಲ್ಯೂಬ್. ಟೈಮಿಂಗ್ ಚೈನ್ ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿದ್ದೆ. ವಾಲ್ವ್ ಕಾಂಡಕ್ಕೆ ಎಂಜಿನ್ ಆಯಿಲ್.

ಪಿಸ್ಟನ್, ರಿಂಗ್, ಬೋರಿಗೆ ಬರೀ ಮಿನರಲ್ ಎಂಜಿನ್ ಆಯಿಲ್, ಅದೂ ಕಮ್ಮಿ. ಪಿಸ್ಟನ್ ಕೂರಿಸೋ ದಿನ ಮೋಲಿ ಟ್ಯೂಬ್ ಕೋಣೆಯಿಂದಲೇ ಹೊರಗೆ ಇಟ್ಟಿದ್ದೆ, ಕೈಯನ್ನ ಸಾಬೂನು ಹಾಕಿ ಎರಡು ಸಲ ತೊಳೆದುಕೊಂಡೆ. ರಿಂಗಿನ ಮೇಲೆ ಮೋಲಿ ಹೋದ್ರೆ ಗೀರಿನ ತುದಿ ಸವೆಯೋದಿಲ್ಲ, ಜಾರ್ತಾ ಇರ್ತದೆ, ಆಮೇಲೆ ಎಣ್ಣೆ ಕುಡಿಯೋ ಎಂಜಿನ್ ಆಗ್ತದೆ.

ಆಯಿಲ್ ಪಂಪಿಗೆ ಮೇಸ್ತ್ರಿ ಹೇಳಿಕೊಟ್ಟ ಉಪಾಯ, ಮೆಡಿಕಲ್ ಶಾಪಿನ ವ್ಯಾಸಲೀನ್. ಪಂಪ್ ಒಣಗಿದ್ರೆ ಗಾಳಿಯನ್ನೇ ತಿರುಗಿಸ್ತಾ ಇರ್ತದೆ, ಎಣ್ಣೆ ಎಳೆಯೋದಿಲ್ಲ. ಒಳಗೆಲ್ಲಾ ವ್ಯಾಸಲೀನ್ ತುಂಬಿದ್ರೆ ಸಂದಿ ಮುಚ್ಚಿ ಕೂಡಲೇ ಎಳೀತದೆ, ಬಿಸಿಯಾದ ಕೂಡಲೇ ಕರಗಿ ಆಯಿಲ್ ಜೊತೆ ಸೇರಿಹೋಗ್ತದೆ. ಅವರು ಹೇಳಿದ ಇನ್ನೊಂದನ್ನ ಮಾತ್ರ ನಾನು ಮಾಡ್ಲಿಲ್ಲ. ಹಿಂದೆ ಅವರು ಕ್ಯಾಮ್‌ಗೆ 90 ನಂಬರ್ ಗೇರ್ ಆಯಿಲ್ ಹಚ್ತಿದ್ರಂತೆ, ಅವರ ಕೈಯಲ್ಲಿ ಎಷ್ಟೋ ಎಂಜಿನ್ ಅದರಲ್ಲೇ ಸುಖವಾಗಿ ಓಡಿವೆ, ಅದನ್ನ ನಾನು ಅಲ್ಲಗಳೆಯೋದಿಲ್ಲ. ಆದ್ರೆ ಈಗ ಸಿಗೋ ಜಿಎಲ್-5 ಗೇರ್ ಆಯಿಲಲ್ಲಿ ಗಂಧಕದ ಅಂಶ ಜಾಸ್ತಿ, ಅದು ಕಂಚಿನ ಬುಷ್‌ಗಳಿಗೆ ಒಳ್ಳೇದಲ್ಲ, ಮತ್ತೆ ನಾಲ್ಕು ತಿಂಗಳು ಕೂತ್ರೆ ಅದೂ ಇಳಿದೇ ಹೋಗ್ತದೆ.

ಬೋಲ್ಟ್ ನಟ್ಟಿನ ವಿಷಯ ಬಹಳ ಜನ ಗಮನಿಸೋದಿಲ್ಲ. ಟಾರ್ಕ್ ರೆಂಚಲ್ಲಿ ನಾವು ಹಾಕೋ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ನಟ್ಟಿನ ತಲೆ ಕೆಳಗಿನ ಉಜ್ಜಾಟಕ್ಕೆ, 40 ಪರ್ಸೆಂಟ್ ಥ್ರೆಡ್ ಉಜ್ಜಾಟಕ್ಕೆ ಹೋಗಿ, ನಿಜವಾಗಿ ಬಿಗಿಯೋದಕ್ಕೆ ಉಳಿಯೋದು 10 ಪರ್ಸೆಂಟ್ ಹತ್ರ. ಅಂದ್ರೆ ಮ್ಯಾನುಯಲ್ಲಿನ ನಂಬರ್ ಎಣ್ಣೆ ಹಚ್ಚಿದ ಥ್ರೆಡ್‌ಗೆ ಅಂತ ಇದ್ದು ನಾವು ಮೋಲಿ ಹಚ್ಚಿ ಅದೇ ನಂಬರಿಗೆ ಬಿಗಿದ್ರೆ ಸ್ಟಡ್ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಎಳೀತದೆ, ಮೆತ್ತಗಾಗಿ ಹಿಗ್ಗಿಯೂ ಹೋಗಬಹುದು. ಕೈಯಲ್ಲಿ ಪೇಸ್ಟ್ ಇದೆ ಅಂತ ಹೆಡ್ ಸ್ಟಡ್‌ಗೂ ಹಚ್ಚೋ ಆಸೆ ಬರ್ತದೆ, ಬೇಡ. ನಾನು ಎಲ್ಲಾ ಥ್ರೆಡ್ ಬ್ರಷ್ ಹಾಕಿ ಚೊಕ್ಕ ಮಾಡಿ ಎರಡು ಹನಿ ಎಂಜಿನ್ ಆಯಿಲ್, ವಾಷರ್ ಮೇಲೆ ಒಂದು ಹನಿ. ಮ್ಯಾನುಯಲ್ ಪೌಂಡ್-ಅಡಿ ಲೆಕ್ಕದ್ದು, ನನ್ನ ರೆಂಚ್ ನ್ಯೂಟನ್ ಮೀಟರಿಂದು, 1.356ರಿಂದ ಗುಣಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ.

ಜೂನ್ 3ಕ್ಕೆ ಎಂಜಿನ್ ಮುಚ್ಚಿದೆ. ಇನ್‌ಟೇಕ್, ಎಕ್ಸಾಸ್ಟ್ ಬಾಯಿಗೆ ಟೇಪ್, ಮೇಲೆ ದಪ್ಪ ಪ್ಲಾಸ್ಟಿಕ್, ಒಳಗೆ ಎರಡು ಸಿಲಿಕಾ ಜೆಲ್ ಚೀಲ. ಹ್ಯಾಂಡಲನ್ನ ಅಪ್ಪಯ್ಯನೇ ಅಟ್ಟಕ್ಕೆ ಹಾಕಿದ್ರು.

ಸೆಪ್ಟೆಂಬರ್ 22ಕ್ಕೆ ಬಿಚ್ಚಿ ನೋಡಿದೆ. ಈ ಎಂಜಿನ್ನಿನ ಒಂದು ಉಪಕಾರ ಅಂದ್ರೆ ಪಕ್ಕದಲ್ಲಿ ಎರಡು ಕವರ್ ಇವೆ, ರಾಕರ್ ಸೆಟ್, ಪುಶ್ ರಾಡ್ ತೆಗೆದ್ರೆ ಹೆಡ್ ಬಿಚ್ಚದೇ ಅಲ್ಲಿಂದಲೇ ಟ್ಯಾಪೆಟ್ ಹೊರಗೆ ಬರ್ತದೆ. ಆರನೇದನ್ನೇ ಎಳೆದೆ, ಕೈ ಸ್ವಲ್ಪ ನಡುಗ್ತಾ ಇತ್ತು. ಮುಖದ ಮೇಲೆ ಪೇಸ್ಟ್ ಹಚ್ಚಿದ ದಿನದ ಹಾಗೇ ಕಪ್ಪಗೆ ಹೊಳೀತಾ ಇತ್ತು. ಬೋರಲ್ಲಿ ಟಾರ್ಚ್ ಬಿಟ್ಟು ನೋಡಿದೆ, ತುಕ್ಕಿಲ್ಲ, ಆದ್ರೆ ಎಣ್ಣೆ ಇಳಿದು ಮೇಲಿನ ಅರ್ಧ ಒಣಗಿದ ಹಾಗೆ ಕಾಣ್ತಿತ್ತು, ಪ್ಲಗ್ ತೂತಿಂದ ಒಂದೊಂದು ಚಮಚ ಎಣ್ಣೆ ಬಿಟ್ಟೆ.

ಯಾವ ಆಯಿಲ್ ತುಂಬೋದು ಅನ್ನೋದಕ್ಕೇ ಎರಡು ದಿನ ತಲೆ ಕೆಡಿಸಿಕೊಂಡೆ. ಚಪ್ಪಟೆ ಟ್ಯಾಪೆಟ್ ಉಳಿಸೋದು ಆಯಿಲಲ್ಲಿರೋ ಝಿಂಕ್-ಫಾಸ್ಫರಸ್ ಅಂಶ, ಝಡ್‌ಡಿಡಿಪಿ ಅಂತಾರೆ, ಬಿಸಿ ಮತ್ತೆ ಒತ್ತಡ ಬಿದ್ದ ಜಾಗದಲ್ಲಿ ಅದು ಲೋಹದ ಮೇಲೆ ತೆಳು ಪದರ ಕಟ್ತದೆ. ಫಾಸ್ಫರಸ್ ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡ್ತದೆ ಅಂತ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡೋ ಎಸ್‌ಎಂ, ಎಸ್‌ಎನ್ ದರ್ಜೆಯ ತೆಳು ಆಯಿಲುಗಳಲ್ಲಿ, ಅಂದ್ರೆ 5ಡಬ್ಲ್ಯೂ-30, 10ಡಬ್ಲ್ಯೂ-30 ಥರದ್ದರಲ್ಲಿ, ಅದನ್ನ 600ರಿಂದ 800 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಇಷ್ಟು ಪಾಲು) ಒಳಗೆ ಕಟ್ಟಿಹಾಕಿದ್ದಾರೆ. ನಾನು ಮೊದಲ ಸಲ ಹಾಕಿದ್ದು ಅದೇ ಜಾತಿ. ಆಯಿಲ್ ಕೆಟ್ಟದ್ದಲ್ಲ, ಈಗಿನ ಎಂಜಿನ್ನಿಗೆ ಮಾಡಿದ್ದು, ನಮ್ಮದಕ್ಕಲ್ಲ. ಈ ಸಲ ಹಾಕಿದ್ದು ಸಿಐ-4 ಪ್ಲಸ್ ಮಿನರಲ್ 15ಡಬ್ಲ್ಯೂ-40, ಟಿಪ್ಪರ್, ಟ್ರ್ಯಾಕ್ಟರಿಗೆಲ್ಲಾ ಹಾಕೋ ಡೀಸೆಲ್ ಆಯಿಲ್, ಅದರಲ್ಲಿ ಝಿಂಕ್ ಸಾಮಾನ್ಯವಾಗಿ 1,200 ಪಿಪಿಎಂ ಆಸುಪಾಸು ಇರ್ತದೆ, ಶಿರಸಿಯ ಯಾವ ಆಯಿಲ್ ಅಂಗಡಿಯಲ್ಲೂ ಸಿಗ್ತದೆ, ನಮ್ಮ ಗಾಡಿಗೆ ಕನ್ವರ್ಟರೇ ಇಲ್ಲ. 20ಡಬ್ಲ್ಯೂ-50 ಮಿನರಲ್ ಪೆಟ್ರೋಲ್ ಆಯಿಲ್ ಸಹ ಆಗ್ತಿತ್ತು, ಆ ದಪ್ಪಕ್ಕೆ ಫಾಸ್ಫರಸ್ ಮಿತಿ ಅನ್ವಯಿಸೋದಿಲ್ಲ, ಆದ್ರೆ ಡಬ್ಬಿ ಮೇಲೆ ಎಷ್ಟಿದೆ ಅಂತ ಬರೆದಿರೋದಿಲ್ಲ. ಸಿಂಥೆಟಿಕ್ ಈಗಲೇ ಬೇಡ, ರಿಂಗ್ ಕೂರಲಿ.

ಸ್ಟಾರ್ಟ್ ಮಾಡೋ ಮೊದಲು ಎಣ್ಣೆಯನ್ನ ಒತ್ತಡದಲ್ಲಿ ಒಳಗೆ ಕಳಿಸ್ಬೇಕು. ಸ್ಟಾರ್ಟರಲ್ಲಿ ತಿರುಗಿಸ್ತಾ ಕೂತ್ರೆ ಪೇಸ್ಟ್ ಒರೆಸಿಹೋಗ್ತದೆ. ನಾನು ಮಾಡಿದ್ದು, ತೋಟಕ್ಕೆ ಹೊಡೆಯೋ ಥರದ ಸಣ್ಣ ಎರಡು ಲೀಟರ್ ಕೈಪಂಪ್ ಸ್ಪ್ರೇಯರ್, ಹೊಸದು. ಬೋರ್ಡೋ ಹೊಡೆದ ಹಳೇ ಪಂಪ್ ತೊಳೆದು ಬಳಸಬೇಡಿ, ಮೈಲುತುತ್ತ ಎಷ್ಟು ತೊಳೆದ್ರೂ ಉಳೀತದೆ, ಅದು ಬೇರಿಂಗ್ ಹತ್ರ ಹೋಗ್ಬಾರ್ದು. ಸ್ಪ್ರೇಯರ್ ನಳಿಗೆ ಹಿತ್ತಾಳೆ ಕನೆಕ್ಟರ್ ಹಾಕಿ ಬ್ಲಾಕಲ್ಲಿ ಆಯಿಲ್ ಪ್ರೆಶರ್ ಸ್ವಿಚ್ ಕೂರೋ ತೂತಿಗೆ ಬಿಗಿದೆ. ತಣ್ಣನೆ ಎಣ್ಣೆ ದಪ್ಪಕ್ಕೆ ಪಂಪ್ ಎಳೀಲಿಲ್ಲ, ಎಣ್ಣೆ ಡಬ್ಬಿಯನ್ನ ಹಂಡೆಯ ಬಿಸಿನೀರಿನ ಬಕೆಟ್ಟಲ್ಲಿ ಅರ್ಧ ಗಂಟೆ ಇಟ್ಟು ಬೆಚ್ಚಗೆ ಮಾಡಿದ ಮೇಲೆ ಸಲೀಸಾಗಿ ಹೋಯ್ತು. ಅಪ್ಪಯ್ಯ ಪಂಪ್ ಹೊಡೀತಾ ಇದ್ರು, ನಾನು ಪ್ಲಗ್ ತೆಗೆದು ಕ್ರ್ಯಾಂಕನ್ನ ಕೈಯಲ್ಲಿ ನಿಧಾನಕ್ಕೆ ಎರಡೇ ಸುತ್ತು ತಿರುಗಿಸಿದೆ, ಆಯಿಲ್ ತೂತುಗಳು ಎದುರಾಬದುರು ಬರೋದಕ್ಕೆ ಅಷ್ಟು ಬೇಕು. ಒಂದೂವರೆ ಲೀಟರ್ ಹೋದ ಮೇಲೆ ರಾಕರ್ ಸಂದಿಯಿಂದ ಎಣ್ಣೆ ಜಿನುಗಿತು. ಆಯಿ ಬಾಗಿಲಲ್ಲಿ ನಿಂತು ನೋಡ್ತಾ ಇದ್ರು, ಊಟಕ್ಕೆ ಕರೆಯೋದಕ್ಕೆ ಬಂದವರು ಕರೀಲಿಲ್ಲ.

ಮೊದಲ ಸ್ಟಾರ್ಟ್ ಅಕ್ಟೋಬರ್ 2, ಬೆಳಿಗ್ಗೆ. ಟೈಮಿಂಗ್, ಕಾರ್ಬ್ಯುರೇಟರ್, ಪೆಟ್ರೋಲ್ ಎಲ್ಲಾ ಮೊದಲೇ ಸರಿ ಮಾಡಿಟ್ಟು, ರೇಡಿಯೇಟರ್ ಎದುರು ಟೇಬಲ್ ಫ್ಯಾನ್ ಇಟ್ಟು, ಒಂದೇ ಸಲಕ್ಕೆ ಹಿಡಿಯೋ ಹಾಗೆ ತಯಾರಿ. ಹಿಡೀತು. ಕೂಡಲೇ 2,000 ಆರ್‌ಪಿಎಂಗೆ ಏರಿಸಿ 20 ನಿಮಿಷ, 1,500ರಿಂದ 2,500ರ ನಡುವೆ ಮೇಲೆ ಕೆಳಗೆ ಮಾಡ್ತಾ, ಒಂದು ಸಲವೂ ಸ್ಲೋ ಬಿಡಲಿಲ್ಲ. ಕ್ಯಾಮ್‌ಗೆ ಎಣ್ಣೆ ಸಿಗೋದು ಕ್ರ್ಯಾಂಕ್ ಎರಚಿದ್ದರಿಂದ, ಸ್ಲೋ ಸ್ಪೀಡಲ್ಲಿ ಅದು ಸಾಲೋದಿಲ್ಲ, ಸ್ಪ್ರಿಂಗ್ ಒತ್ತಡವೂ ಆಗಲೇ ಲೋಬಿನ ಮೂಗಿನ ಮೇಲೆ ಜಾಸ್ತಿ. ಹನ್ನೆರಡನೇ ನಿಮಿಷಕ್ಕೆ ಮೇಲಿನ ಹೋಸ್‌ನಲ್ಲಿ ನೀರು ಸೋರೋದಕ್ಕೆ ಶುರುವಾಯ್ತು, ಆಫ್ ಮಾಡಿ ಕ್ಲಿಪ್ ಬಿಗಿದು ಮತ್ತೆ ಸ್ಟಾರ್ಟ್ ಮಾಡಿ ನೇರ 2,000ಕ್ಕೆ ಏರಿಸಿ ಉಳಿದ ಎಂಟು ನಿಮಿಷ ಮುಗಿಸಿದೆ. ತೊಂದರೆ ಬಂದ್ರೆ ಆಫ್ ಮಾಡೋದೇ ಸರಿ, ಸ್ಲೋ ಮಾಡಿ ನೋಡ್ತಾ ನಿಲ್ಲೋದಲ್ಲ.

ಬಿಸಿ ಇರುವಾಗಲೇ ಎಣ್ಣೆ ಬಸಿದೆ, ಬೂದು ಬಣ್ಣಕ್ಕೆ ತಿರುಗಿತ್ತು, ಅದು ಮೋಲಿ. ಅಯಸ್ಕಾಂತಕ್ಕೆ ಹತ್ತಿದ್ದು ಕಾಡಿಗೆಯ ಹಾಗೆ ತೆಳು ಲೇಪ, ಚೂರು ಯಾವುದೂ ಇಲ್ಲ. ಅದೇ ಆಯಿಲ್ ಹೊಸದು ತುಂಬಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದೆ. ಇಳಿಯುವಾಗ ಗೇರಲ್ಲೇ ಹಿಡಿದು, ಹತ್ತುವಾಗ ಮೂರನೇ ಗೇರಲ್ಲಿ ಎಳೆಸಿ, ರಿಂಗ್ ಕೂರೋದಕ್ಕೆ ಹೀಗೆ ಎಳೆತ ಮತ್ತೆ ಹಿಡಿತ ಎರಡೂ ಬೇಕು. ಮೇಸ್ತ್ರಿ ಬಾನೆಟ್ ಎತ್ತಿ ರಾಕರ್ ಕವರ್ ಮೇಲೆ ಕಿವಿಯಿಟ್ಟು ಕೇಳಿದ್ರು, ಟ್ಯಾಪೆಟ್ ಗ್ಯಾಪ್ ಅಳೆದ್ರು, ಎಂಟೂ ನಾನು ಇಟ್ಟಲ್ಲೇ ಇದ್ವು.

ನಿನ್ನೆಗೆ 500 ಕಿಮೀ ಆಯ್ತು. ಎಣ್ಣೆ ಬದಲಿಸಿದೆ, ಪಕ್ಕದ ಕವರ್ ಬಿಚ್ಚಿ ಆರನೇದನ್ನ ಮತ್ತೆ ಎಳೆದು ನೋಡಿದೆ. ಮುಖದ ತುಂಬ ದುಂಡಗೆ ಒಂದೇ ಸಮನಾದ ಹೊಳಪು, ಅಂದ್ರೆ ಸುತ್ತುತಾ ಇದೆ. ಮುಂದಿನ ಎಣ್ಣೆ 1,500ಕ್ಕೆ, ಅದೂ 15ಡಬ್ಲ್ಯೂ-40ನೇ.